ಹದಿನೈದು ಸಾವಿರದಲ್ಲಿ ಮೊದಲ ರೈಫಲ್

ಅಕ್ಕನ ಮಗ ಹಾಸನದಲ್ಲಿ ಒಂಬತ್ತನೇ ಕ್ಲಾಸು. ದಸರಾ ರಜೆಗೆ ಮೂಡಿಗೆರೆ ಹತ್ತಿರದ ನಮ್ಮ ತೋಟಕ್ಕೆ ಬಂದವನು ಬ್ಯಾಗ್ ಇಳಿಸೋ ಮುಂಚೆಯೇ ಶುರು ಮಾಡಿದ. "ಮಾವ, ನಂಗೊಂದು ರೈಫಲ್ ಬೇಕು. ಹದಿನೈದು ಸಾವಿರದ ಮೇಲೆ ಒಂದು ರೂಪಾಯಿ ಕೊಡಲ್ಲ ಅಂದಿದಾರೆ ಅಪ್ಪ." ಅವನ ಶಾಲೆಯಲ್ಲಿ ಯಾರೋ ಶೂಟಿಂಗ್‌ನಲ್ಲಿ ಮೆಡಲ್ ತಂದಿದ್ದರಂತೆ. ನನಗೂ ಒಳಗೊಳಗೇ ಆಸೆ ಇತ್ತು ಅನ್ನಿ. ಅಪ್ಪ ತೀರಿಕೊಂಡ ಮೇಲೆ ಅವರ ಜೋಡುನಳಿಗೆ ಕೋವಿ ಸ್ಟೇಷನ್ ಸೇರಿತ್ತು. ಗೋಡೆ ಮೇಲಿನ ಎರಡು ಮೊಳೆ ಖಾಲಿಯಾಗಿಯೇ ಇದ್ದವು.

ಮೂರು ತಿಂಗಳು ಅಂಗಡಿ ಸುತ್ತಿದೆವು. ಒಂದು ಸಲ ಮೋಸವೂ ಹೋದೆವು. ಕೊನೆಗೆ ತಗೊಂಡೆವು. ಅದೇ ದಾರಿಯಲ್ಲಿ ಹೊರಟವರಿಗೆ ಈ ಬರಹ.

ಯಾವುದು ಬೇಕು ಅಂತ ಮೊದಲು ತೀರ್ಮಾನ ಮಾಡಿ

ನಮ್ಮ ಕಡೆ ಉದ್ದ ನಳಿಗೆ ಇರೋದೆಲ್ಲ ಕೋವಿಯೇ. ಆದರೆ ತೋಟದ ಮನೆಗಳಲ್ಲಿ ಇರುವ ಹನ್ನೆರಡು ಬೋರಿನ ಕೋವಿಯ ನಳಿಗೆ ಒಳಗೆ ನುಣ್ಣಗಿರುತ್ತದೆ. ಒಂದು ತೋಟಾ ಹೊಡೆದರೆ ಚರೆ ಹರಡಿಕೊಂಡು ಹೋಗುತ್ತದೆ. ರೈಫಲ್ಲಿನ ನಳಿಗೆ ಒಳಗೆ ತಿರುಪಿನ ಹಾಗೆ ಗೀರು ಇರುತ್ತದೆ. ಒಂದೇ ಗುಂಡು, ಬುಗುರಿ ಹಾಗೆ ತಿರುಗುತ್ತಾ ಹೋಗುತ್ತದೆ. ಅದಕ್ಕೇ ದಾರಿ ತಪ್ಪುವುದಿಲ್ಲ. ಏರ್ ರೈಫಲ್ಲಿಗೂ ಅದೇ ಗೀರು ಇರುತ್ತದೆ. ಮದ್ದಿನ ಬದಲು ಗಾಳಿ ತಳ್ಳುತ್ತದೆ, ಅಷ್ಟೇ.

ಮದ್ದಿನ ರೈಫಲ್ ಬೇಕು ಅಂದರೆ ದಾರಿ ಉದ್ದ. 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕೇಬೇಕು. ಅರ್ಜಿ ಡಿಸಿ ಆಫೀಸಿಗೆ ಹೋಗುತ್ತದೆ. 21 ವರ್ಷ ತುಂಬಿರಬೇಕು. ಪೊಲೀಸ್ ವರದಿ, ತರಬೇತಿ ಸರ್ಟಿಫಿಕೇಟ್, ಡಾಕ್ಟರ್ ಸರ್ಟಿಫಿಕೇಟ್, ಆಯುಧ ಭದ್ರವಾಗಿ ಇಡೋಕೆ ಜಾಗ ಇದೆ ಅನ್ನೋದಕ್ಕೆ ಖಾತ್ರಿ, ಎಲ್ಲವೂ ಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಆಯುಧ, ಲೈಸೆನ್ಸಿನ ಅವಧಿ ಐದು ವರ್ಷ. ಸ್ವಂತ ರಕ್ಷಣೆಗೋ ಬೆಳೆ ಕಾಯೋದಕ್ಕೋ ಅಂತ ಕೇಳಿದರೆ ಕಾಯ್ದೆ ಮನಸ್ಸಿನಲ್ಲಿ ಇಟ್ಟುಕೊಂಡಿರೋದು ನುಣ್ಣನೆ ನಳಿಗೆಯ ಕೋವಿ ಅಥವಾ ನಳಿಗೆ ಬಾಯಿಂದ ಮದ್ದು ತುಂಬೋ ಕೇಪಿನ ಕೋವಿಯನ್ನೇ, ರೈಫಲ್ಲನ್ನಲ್ಲ. ಇಷಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಹೆಸರು ನೀವೂ ಕೇಳಿರಬಹುದು. ಸಿಗುತ್ತದೆ, ಆದರೆ ಹದಿನೈದು ಸಾವಿರದ ಮಾತು ಅಲ್ಲಿ ನಡೆಯಲ್ಲ.

ಕೊಡಗಿನ ನೆಂಟರನ್ನು ನೋಡಿ "ಅವರಿಗೆ ಲೈಸೆನ್ಸೇ ಬೇಡವಂತೆ, ನಮಗ್ಯಾಕೆ" ಅನ್ನೋರು ಸಕಲೇಶಪುರದಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮ್ಮಾ ಜಮೀನು ಇಟ್ಟುಕೊಂಡವರಿಗೆ. ಗಡಿ ದಾಟಿ ಇತ್ತ ಇರೋ ನಮಗಲ್ಲ.

ಅಪ್ಪನ ಕೋವಿ ಇದೆ, ಅದನ್ನೇ ಇಟ್ಟುಕೊಂಡರಾಯ್ತು ಅನ್ನೋದೂ ಆಗಲ್ಲ. ಲೈಸೆನ್ಸ್ ಜಮೀನಿನ ಹಾಗೆ ಪೌತಿ ಖಾತೆಗೆ ಬರುವುದಿಲ್ಲ. ಯಜಮಾನರು ಹೋದ ಮೇಲೆ ಕೋವಿಯನ್ನು ಸ್ಟೇಷನ್ನಿಗೋ ಲೈಸೆನ್ಸ್ ಇರೋ ಡೀಲರಿಗೋ ಒಪ್ಪಿಸಬೇಕು. ಆಮೇಲೆ ನಿಮ್ಮ ಹೆಸರಲ್ಲಿ ಹೊಸ ಅರ್ಜಿ. ಇದನ್ನು ಮರೆತು ಅಟ್ಟದ ಮೇಲೆ ಇಟ್ಟವರು ಕೇಸು ಹಾಕಿಸಿಕೊಂಡಿದ್ದಾರೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೋವಿಗೆ ಲೈಸೆನ್ಸ್ ಇದ್ದರೆ ಹಂದಿ ಹೊಡೆಯೋಕೆ ಪರ್ಮಿಶನ್ ಇದೆ ಅಂತಲ್ಲ. ಅದು ಅರಣ್ಯ ಇಲಾಖೆಯ ಬೇರೆ ಕಾಗದ.

ಹಾಗಾಗಿ ಹುಡುಗನಿಗೆ, ಈ ದುಡ್ಡಿಗೆ ಉಳಿಯೋದು ಏರ್ ರೈಫಲ್ ಒಂದೇ. 2016ರ ಆಯುಧ ನಿಯಮಗಳಲ್ಲಿ ಗೆರೆ ಎಳೆದಿದ್ದಾರೆ. ಬೋರು, ಅಂದರೆ ನಳಿಗೆ ಒಳಗಿನ ಅಗಲ, 4.5 ಮಿಲಿಮೀಟರ್ ಮೀರಬಾರದು. ಅಂಗಡಿಯವರು ಇಂಚಿನ ಲೆಕ್ಕದಲ್ಲಿ .177 ಅನ್ನೋದು ಇದನ್ನೇ. ಗುಂಡು ಹೊರಬೀಳೋವಾಗಿನ ಬಲ 20 ಜೂಲ್ ಮೀರಬಾರದು; ಜೂಲ್ ಅನ್ನೋದು ಶಕ್ತಿಯ ಅಳತೆ. ಈ ಎರಡರ ಒಳಗಿದ್ದರೆ ಲೈಸೆನ್ಸ್ ಬೇಡ. .22 ಏರ್ ಗನ್ ಅಂತ ಯಾರಾದರೂ ಕೊಡೋಕೆ ಬಂದರೆ ಅದಕ್ಕೆ ಲೈಸೆನ್ಸ್ ಬೇಕು, ಸುಮ್ನೆ ಕೈ ಹಾಕಬೇಡಿ.

ಮನೆಯಲ್ಲೇ ಮಾಡಿಕೊಂಡರೆ?

ಇದನ್ನೂ ಕೇಳಿದ ಅವನು. ಯಾವುದೋ ವಿಡಿಯೊ ನೋಡಿದ್ದ. ಬೇಡ. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದರೆ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು. ಅದು ಬಿಡಿ, ನಮ್ಮೂರ ಕಡೆ ಕಳ್ಳಕೋವಿ ಸಿಡಿದು ಬೆರಳು ಕಳೆದುಕೊಂಡವರನ್ನು ಚಿಕ್ಕಂದಿನಲ್ಲೇ ನೋಡಿದ್ದೇನೆ. ಏರ್ ರೈಫಲ್ಲಿಗೆ ದಪ್ಪ ಸ್ಪ್ರಿಂಗ್ ಹಾಕಿ "ಪವರ್ ಏರಿಸ್ತೀವಿ" ಅನ್ನೋರ ಹತ್ತಿರವೂ ಹೋಗಬೇಡಿ. 20 ಜೂಲ್ ದಾಟಿದ ದಿನ ಅದು ಲೈಸೆನ್ಸ್ ಇಲ್ಲದ ಆಯುಧ. ನಾವು ಕೈಯಾರೆ ಮಾಡಿಕೊಳ್ಳಬೇಕಾದ್ದು ಬೇರೆ ಇದೆ. ಗುಂಡು ತಡೆಯೋ ಪೆಟ್ಟಿಗೆ. ಅದಕ್ಕೆ ಆಮೇಲೆ ಬರುತ್ತೇನೆ.

ದುಡ್ಡು ಹಂಚೋದು

ಹದಿನೈದು ಸಾವಿರ ಇದೆ ಅಂತ ಹದಿನೈದು ಸಾವಿರದ ರೈಫಲ್ ತಗೋಬೇಡಿ. ಎಲ್ಲರೂ ಮಾಡೋ ತಪ್ಪು ಇದು. ನಾವು ರೈಫಲ್ಲಿಗೆ ಹತ್ತು ಸಾವಿರ ಚಿಲ್ಲರೆ ಕೊಟ್ಟೆವು. ಮೂರು ಸಾವಿರ ಪೆಲೆಟ್ಟಿಗೆ, ಅಂದರೆ ಏರ್ ರೈಫಲ್ಲಿನ ಪುಟ್ಟ ಸೀಸದ ಗುಂಡಿಗೆ, ಎತ್ತಿಟ್ಟೆವು. ಉಳಿದಿದ್ದರಲ್ಲಿ ಕಣ್ಣಿಗೆ ಕನ್ನಡಕ, ಗುರಿ ಕಾಗದ, ಎಣ್ಣೆ, ನಳಿಗೆ ಒರೆಸೋ ಸರಳು, ಬೀಗ. ಪೆಟ್ಟಿಗೆಯ ಹಲಗೆ ಮನೆಯದ್ದೇ. ಹೊಡೆಯೋಕೆ ಪೆಲೆಟ್ ಇಲ್ಲದ ಮೇಲೆ ಎಷ್ಟು ದುಬಾರಿ ರೈಫಲ್ ಇದ್ದರೂ ಗೋಡೆಗೆ ಅಲಂಕಾರ, ಅಲ್ವಾ.

ಈ ದುಡ್ಡಿಗೆ ಸಿಗೋದು ನಳಿಗೆ ಮುರಿದು ಲೋಡ್ ಮಾಡೋ ಜಾತಿ. ನಳಿಗೆಯನ್ನು ಕೆಳಗೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಅಮರಿ ಕೂರುತ್ತದೆ. ಪೆಲೆಟ್ ಇಟ್ಟು ನಳಿಗೆ ಮುಚ್ಚಬೇಕು. ಟ್ರಿಗರ್ ಎಳೆದಾಗ ಸ್ಪ್ರಿಂಗ್ ಪಿಸ್ಟನ್ನನ್ನು ದೂಡುತ್ತದೆ, ಪಿಸ್ಟನ್ ಗಾಳಿಯನ್ನು ದೂಡುತ್ತದೆ. ಕೆಲವದರಲ್ಲಿ ಸ್ಪ್ರಿಂಗ್ ಬದಲು ಗ್ಯಾಸ್ ತುಂಬಿದ ಕೊಳವೆ ಇರುತ್ತದೆ, ನೈಟ್ರೊ ಪಿಸ್ಟನ್ ಅನ್ನುತ್ತಾರೆ. ಸ್ಪ್ರಿಂಗ್ ಹೋದರೆ ಬದಲಿಸೋದು ಸುಲಭ, ಅಗ್ಗ. ನಾನು ಅದನ್ನೇ ಹೇಳೋದು. ಪಿಸಿಪಿ ಅಂತ ಮೂರನೇ ಜಾತಿ ಇದೆ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿಸಬೇಕು. ಹೊಡೆಯೋಕೆ ಬೆಣ್ಣೆ ಹಾಗೆ ಇರುತ್ತದೆ, ಆದರೆ ಪಂಪಿಗೇ ನಿಮ್ಮ ಬಜೆಟ್ ಮುಗಿಯುತ್ತದೆ. ನಮ್ಮ ದೇಶದಲ್ಲೇ ತಯಾರಾಗೋದರಲ್ಲಿ ಪ್ರೆಸಿಹೋಲ್ ಹೆಸರು ಜಾಸ್ತಿ ಕೇಳುತ್ತೀರಿ. ಹಳಬರು ಐಎಚ್‌ಪಿ ಹೆಸರು ಹೇಳುತ್ತಾರೆ. ಜರ್ಮನಿಯ ವಾಲ್ಥರ್, ಫೈನ್‌ವೆರ್ಕ್‌ಬಾವ್ ದೊಡ್ಡ ಸ್ಪರ್ಧೆಯವರ ರೈಫಲ್ಲುಗಳು. ಬೆಲೆ ಲಕ್ಷಗಳಲ್ಲಿ. ನೋಡಿ ಖುಷಿಪಡಿ.

ಅಂಗಡಿಯಲ್ಲಿ ನಿಮ್ಮನ್ನು ಹಿಡಿಯೋದು ಒಂದೇ ಮಾತು: "ಸಾರ್, ಇದು ಸಾವಿರ ಎಫ್‌ಪಿಎಸ್." ಸೆಕೆಂಡಿಗೆ ಸಾವಿರ ಅಡಿ ಅಂತ. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ. ಸಾಧಾರಣ .177 ಪೆಲೆಟ್ ಎಂಟು ಗ್ರೇನ್, ಅಂದರೆ ಅರ್ಧ ಗ್ರಾಮಿಗಿಂತ ಕೂದಲೆಳೆ ಜಾಸ್ತಿ. 20 ಜೂಲ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 277 ಮೀಟರ್ ಹೋಗುತ್ತದೆ. ಅಡಿಯಲ್ಲಿ ಹೇಳಿದರೆ 910. ಅದೇ ಪೆಲೆಟ್ ನಿಜವಾಗಿ ಸಾವಿರ ಅಡಿ ಹೋದರೆ 24 ಜೂಲ್ ಆಯಿತು. ಅಂದರೆ ಒಂದೋ ಅವನು ತೀರಾ ಹಗುರದ ಪೆಲೆಟ್ ಹಾಕಿ ಅಳೆದಿದ್ದಾನೆ, ಇಲ್ಲ ಕಾಯ್ದೆ ದಾಟಿದ ಮಾಲು ಮಾರುತ್ತಿದ್ದಾನೆ. ಎರಡೂ ನಮಗೆ ಬೇಡ.

ಹತ್ತು ಮೀಟರ್ ಗುರಿಗೆ ಬಲವೇ ಬೇಕಿಲ್ಲ. ಒಲಿಂಪಿಕ್ಸಿನ ಹತ್ತು ಮೀಟರ್ ಏರ್ ರೈಫಲ್ಲುಗಳು ಏಳೆಂಟು ಜೂಲ್‌ನವು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದೇ ಸ್ಪರ್ಧೆಯಲ್ಲಿ, ಕೊನೆಯ ಗುಂಡು 10.8. ಬಲ ಕಡಿಮೆ ಇದ್ದಷ್ಟೂ ಸ್ಪ್ರಿಂಗ್ ಮೃದು, ನಳಿಗೆ ಬಗ್ಗಿಸೋದು ಸುಲಭ, ಕೈ ಅಲುಗೋದು ಕಡಿಮೆ. ಹದಿನಾಲ್ಕು ವರ್ಷದ ಹುಡುಗನ ಕೈಯಲ್ಲಿ ಐವತ್ತು ಸಲ ಬಗ್ಗಿಸೋಕೆ ಆಗೋದು ಮುಖ್ಯ.

ಅಂಗಡಿಯಲ್ಲಿ ನೋಡಬೇಕಾದ್ದು

ಹುಡುಗನನ್ನು ಕರೆದುಕೊಂಡೇ ಹೋಗಿ. ನಾವು ಹೋದಾಗ ಅಂಗಡಿಯವರು ಮೂರು ರೈಫಲ್ ಮೇಜಿನ ಮೇಲೆ ಮಲಗಿಸಿದರು. ಅವನ ಕಣ್ಣು ನೇರ ದುರ್ಬೀನು ಇದ್ದದ್ದಕ್ಕೇ ಹೋಯಿತು. ನಾನು ಅವನಿಗೆ ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಭುಜಕ್ಕೆ ಏರಿಸು ಅಂದೆ. ಏರಿಸಿ, ಕೆನ್ನೆ ಒರಗಿಸಿ, ಆಮೇಲೆ ಕಣ್ಣು ಬಿಡಬೇಕು. ಮೊದಲ ಎರಡರಲ್ಲಿ ಕತ್ತು ಚಾಚಿ ಗುರಿ ಹುಡುಕಿದ. ಮೂರನೆಯದರಲ್ಲಿ ಕಣ್ಣು ಬಿಟ್ಟಾಗ ಮುಂದಿನ ಗುರಿಮೊನೆ ಹಿಂದಿನ ಕಚ್ಚಿನ ನಡುವೆಯೇ ಕೂತಿತ್ತು. "ಮಾವ, ಇದು ನಂದು" ಅಂದ. ಬಣ್ಣ ಮಾಸಿದಂತಿದ್ದ, ಮೂರರಲ್ಲಿ ಅಗ್ಗದ್ದು ಅದು. ದುರ್ಬೀನು ಬೇಡ ಅಂತ ಅಲ್ಲೇ ತೀರ್ಮಾನ ಆಯಿತು. ಸ್ಪ್ರಿಂಗ್ ರೈಫಲ್ ಮುಂದಕ್ಕೂ ಹಿಂದಕ್ಕೂ ಎರಡೂ ಕಡೆ ಒದೆಯುತ್ತದೆ, ಅಗ್ಗದ ದುರ್ಬೀನು ಅದರ ಏಟಿಗೆ ಸಡಿಲ ಆಗಿಬಿಡುತ್ತದೆ. ಜೊತೆಗೆ ನಮ್ಮ ದೇಶದ ಸ್ಪರ್ಧೆಗಳಲ್ಲಿ ಓಪನ್ ಸೈಟ್ ಅಂತಲೇ ಒಂದು ವಿಭಾಗ ಇದೆ. ಸೈಟ್ ಅಂದರೆ ಗುರಿ ಹಿಡಿಯೋ ಈ ಮೊನೆ ಮತ್ತು ಕಚ್ಚು. ಕಲಿಯೋರು ಅಲ್ಲಿಂದ ಶುರು ಮಾಡೋದು ವಾಡಿಕೆ.

ನಳಿಗೆ ಮುಚ್ಚಿ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕಟಕಟ ಅಂದರೆ ಬೇಡ. ಬಗ್ಗಿಸೋವಾಗ ಒಳಗೆ ಮರಳು ತಿಕ್ಕಿದ ಹಾಗೆ ಶಬ್ದ ಬಂದರೂ ಬೇಡ. ಸೇಫ್ಟಿ ಕೆಲಸ ಮಾಡುತ್ತದಾ ನೋಡಿ. ಪೆಲೆಟ್ ಇಲ್ಲದೆ ಟ್ರಿಗರ್ ಎಳೆದು ತೋರಿಸೋಕೆ ಬಿಡಬೇಡಿ. ಗಾಳಿಗೆ ಅಡ್ಡ ಏನೂ ಇಲ್ಲದಿದ್ದರೆ ಪಿಸ್ಟನ್ ನೇರ ಹೋಗಿ ಗುದ್ದುತ್ತದೆ. ಬಿಲ್ ತಗೊಳ್ಳಿ, ಅದರಲ್ಲಿ ಬೋರು ಮತ್ತು ನಂಬರ್ ಬರೆಸಿ. ಆಧಾರ್ ಕಾಪಿ ಕೇಳುತ್ತಾರೆ, ದೊಡ್ಡವರ ಹೆಸರಲ್ಲೇ ಕೊಳ್ಳಿ. ದಾರಿಯಲ್ಲಿ ಚೆಕ್‌ಪೋಸ್ಟಿನಲ್ಲಿ ಕೇಳಿದರೆ ತೋರಿಸೋಕೆ ಆ ಬಿಲ್ ಒಂದೇ ಆಧಾರ.

ಒಂದು ಸಲ ಮೋಸ ಹೋದೆವು ಅಂದಿದ್ದೆನಲ್ಲ, ಅದು ಸೆಕೆಂಡ್ ಹ್ಯಾಂಡ್ ಕಥೆ. ಒಬ್ಬ ಪರಿಚಯದವರು ನಾಲ್ಕು ಸಾವಿರಕ್ಕೆ ಒಂದನ್ನು ಕೊಟ್ಟರು. ಹೊರಗೆ ಮಿರಿಮಿರಿ ಪಾಲಿಶ್. ಮನೆಗೆ ತಂದು ಹೊಡೆದರೆ ಫುಸ್ ಅಂತು, ಪೆಲೆಟ್ ಐದು ಮೀಟರ್ ಆಚೆ ರಟ್ಟಿಗೇ ಅಂಟಿಕೊಂಡಿತು. ಬಿಚ್ಚಿಸಿದರೆ ಒಳಗೆ ಸ್ಪ್ರಿಂಗ್ ತುಕ್ಕು ಹಿಡಿದು ಎರಡು ತುಂಡಾಗಿತ್ತು. ವರ್ಷಗಟ್ಟಲೆ ಬಗ್ಗಿಸಿ ಹಾಗೇ ಇಟ್ಟಿದ್ದರಂತೆ. ಹಳೆಯದು ತಗೊಂಡರೆ ನಿಮ್ಮ ಕಣ್ಣೆದುರು ಹತ್ತು ಪೆಲೆಟ್ ಹೊಡೆಸಿ ನೋಡಿ. ನಳಿಗೆಯ ಒಂದು ತುದಿಯಿಂದ ಬೆಳಕಿಗೆ ಹಿಡಿದರೆ ಗೀರು ಸುರುಳಿ ಸುರುಳಿಯಾಗಿ ಮಿನುಗಬೇಕು. ಚುಕ್ಕೆ ಚುಕ್ಕೆ ಕಂಡರೆ ವಾಪಸ್ ಕೊಡಿ.

ಕಣದಲ್ಲಿ ಹತ್ತು ಮೀಟರ್

ಕಾಫಿ ತೋಟದವರಿಗೆ ಒಂದು ಅದೃಷ್ಟ. ರೇಂಜ್ ಹುಡುಕಿಕೊಂಡು ಹೋಗಬೇಕಿಲ್ಲ, ಕಣ ಇದೆ. ಕಾಫಿ ಹರಡಿರುವಾಗ ಅದರ ಹತ್ತಿರ ಹೋದರೆ ಮನೆಯವರೇ ಬೈತಾರೆ, ಅದು ಬೇರೆ. ಮಳೆಗಾಲದಲ್ಲಿ ನಾವು ಗೋಡೌನಿನ ಉದ್ದಕ್ಕೆ ಹೊಡೆಯುತ್ತೇವೆ. ಬೇಕಾದ್ದು ಹತ್ತು ಮೀಟರ್ ಉದ್ದ, ಗುರಿಯ ಹಿಂದೆ ಮಣ್ಣಿನ ದರೆ ಅಥವಾ ಗಟ್ಟಿ ಗೋಡೆ.

ಪೆಟ್ಟಿಗೆ ಹೀಗೆ ಮಾಡಿದೆವು. ಹಳೇ ಸಿಲ್ವರ್ ಓಕ್ ಹಲಗೆಯಲ್ಲಿ ಒಂದೂವರೆ ಅಡಿ ಚೌಕ, ಒಂದಡಿ ಆಳದ ಡಬ್ಬ. ಮುಂದೆ ತೆರೆದೇ ಇರಬೇಕು. ಹಿಂಭಾಗಕ್ಕೆ ದಪ್ಪ ಕಬ್ಬಿಣದ ತಗಡು, ಮೇಲ್ತುದಿ ನಿಮ್ಮ ಕಡೆ ಬಾಗಿರೋ ಹಾಗೆ. ಆಗ ಪೆಲೆಟ್ ಬಡಿದು ಕೆಳಗೆ ಬೀಳುತ್ತದೆ, ನಿಮ್ಮ ಮುಖಕ್ಕೆ ಬರುವುದಿಲ್ಲ. ತಗಡಿನ ಮುಂದೆ ಗೋಣಿಚೀಲದಲ್ಲಿ ಹಳೇ ಬಟ್ಟೆ ತುರುಕಿ ಇಟ್ಟೆವು. ತಳದಲ್ಲಿ ಒಂದು ಪದರ ಮರಳು. ಮೊದಲ ದಿನ ಚೀಲ ಇಡದೆ ಹೊಡೆದೆವು. ತಗಡಿಗೆ ಬಡಿದ ಟಣ್ ಶಬ್ದಕ್ಕೆ ಕೂಲಿಯವರ ಲೈನ್ ಮನೆಯ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು, ಅಮ್ಮ ಒಳಗಿಂದ ಬಂದು ನಿಂತರು. ಚೀಲ ಇಟ್ಟ ಮೇಲೆ ಬರೀ ಠಪ್ ಅಂತಿದೆ.

ಪೆಲೆಟ್ ಗುರಿ ತಪ್ಪಿದರೆ ಮುನ್ನೂರು ಮೀಟರ್ ಆಚೆಗೂ ಹೋಗಬಲ್ಲದು. ಲೈನ್ ಮನೆ, ಕೂಲಿಯವರು ಓಡಾಡೋ ದಾರಿ, ಪಕ್ಕದವರ ತೋಟದ ಕಡೆ ನಳಿಗೆ ತಿರುಗೋ ಹಾಗೆ ರೇಂಜ್ ಮಾಡಲೇಬೇಡಿ. ಕಾಫಿ ಗಿಡದ ಸಂದಿನಲ್ಲಿ ಯಾರು ಕಸಿ ಮಾಡ್ತಾ ಕೂತಿರ್ತಾರೋ ಕಾಣಿಸಲ್ಲ. ಹೊಡೆಯೋರಿಗೂ ಪಕ್ಕದಲ್ಲಿ ನಿಂತೋರಿಗೂ ಕನ್ನಡಕ. ನಳಿಗೆ ಬಗ್ಗಿಸಿ ಪೆಲೆಟ್ ಇಡೋವಾಗ ಇನ್ನೊಂದು ಕೈ ನಳಿಗೆ ಬಿಡಬಾರದು. ಅದು ತಪ್ಪಿ ಮೇಲೆದ್ದರೆ ಬೆರಳು ಹೋಗುತ್ತದೆ. ಪೆಲೆಟ್ ಸೀಸದ್ದು, ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಕಾಫಿ ಲೋಟ ಹಿಡಿಯಬೇಕು.

ಮೊದಲ ಐನೂರು ಪೆಲೆಟ್

ಚಪ್ಪಟೆ ಮೂತಿಯ ಪೆಲೆಟ್ ತಗೊಳ್ಳಿ. ಕಾಗದದಲ್ಲಿ ಪಂಚಿಂಗ್ ಮಷಿನ್ ಹೊಡೆದ ಹಾಗೆ ದುಂಡನೆ ತೂತು ಬೀಳುತ್ತದೆ. ಚೂಪು ಮೂತಿಯದು ಹರಿದುಹಾಕುತ್ತದೆ. ಎರಡು ಮೂರು ಕಂಪನಿಯ ಡಬ್ಬ ತಂದು ಯಾವುದು ಒಟ್ಟಿಗೆ ಬೀಳುತ್ತದೆ ನೋಡಿ. ಪ್ರತಿ ನಳಿಗೆಗೂ ಒಂದು ಇಷ್ಟದ ಪೆಲೆಟ್ ಇರುತ್ತದೆ. ನಮ್ಮದಕ್ಕೆ ಅಗ್ಗದ್ದೇ ಒಗ್ಗಿತು.

ಸ್ಪರ್ಧೆಯ ಗುರಿ ಕಾಗದದಲ್ಲಿ ಕಪ್ಪು ವೃತ್ತ 30.5 ಮಿಲಿಮೀಟರ್, ಹತ್ತು ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದು. ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಹತ್ತು ಮೀಟರ್ ದೂರದಿಂದ ಅದು ಕಣ್ಣಿಗೇ ಕಾಣಿಸಲ್ಲ. ಶುರುವಿನಲ್ಲಿ ಚುಕ್ಕೆಯನ್ನು ಮರೆತುಬಿಡಿ. ಐದು ಪೆಲೆಟ್ ಹೊಡೆದು, ಎಲ್ಲಿ ಬಿದ್ದರೂ ಸರಿ, ಐದೂ ಒಂದು ಹತ್ತು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋಗುತ್ತವಾ ನೋಡಿ. ಮುಚ್ಚೋವರೆಗೂ ಸೈಟಿನ ಸ್ಕ್ರೂ ಮುಟ್ಟಬೇಡಿ. ನಮ್ಮ ಹುಡುಗ ಮೊದಲ ದಿನವೇ ಪ್ರತಿ ಗುಂಡಿಗೂ ಸ್ಕ್ರೂ ತಿರುಗಿಸಿ ತಿರುಗಿಸಿ, ಸಂಜೆ ಹೊತ್ತಿಗೆ ಸೈಟು ಎಲ್ಲಿತ್ತು ಅನ್ನೋದೇ ಮರೆತಿದ್ದ. ಗುಂಪು ಕೂತ ಮೇಲೆ ಸರಿಮಾಡೋದು ಸುಲಭ. ಗುಂಪು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಿ. ಎಡಕ್ಕೆ ಹೋಗಬೇಕಾ, ಎಡಕ್ಕೆ. ಮೇಲಕ್ಕಾ, ಮೇಲಕ್ಕೆ.

ಸ್ಪ್ರಿಂಗ್ ರೈಫಲ್ಲನ್ನು ಬಿಗಿಹಿಡಿದರೆ ಗುರಿ ಕೆಡುತ್ತದೆ. ಮುಂದಿನ ಕೈ ಮೇಲೆ ಕೋಳಿಮರಿ ಕೂರಿಸಿಕೊಂಡ ಹಾಗೆ, ಅಂಗೈ ಬಿಡಿಸಿ ಒರಗಿಸಿ. ಅದು ಒದೆಯೋದಾದರೆ ಒದೆಯಲಿ, ಪ್ರತಿ ಸಲ ಒಂದೇ ತರ ಒದೆಯಬೇಕು ಅಷ್ಟೇ. ಟ್ರಿಗರನ್ನು ಬೆರಳ ತುದಿಯ ಮೆತ್ತೆಯಲ್ಲಿ ನಿಧಾನ ಒತ್ತಿ. ಗುಂಡು ಹೋದ ಮೇಲೂ ಎರಡು ಎಣಿಸೋವರೆಗೆ ಕಣ್ಣು ಸೈಟಿನ ಮೇಲೇ ಇರಲಿ. ದಿನಕ್ಕೆ ನಲವತ್ತು ಸಾಕು. ಕೈ ಸೋತ ಮೇಲೆ ಹೊಡೆದದ್ದೆಲ್ಲ ಕೆಟ್ಟ ಅಭ್ಯಾಸ.

ಹಕ್ಕಿ, ಕೋತಿ, ಕಾಡು

ಇದನ್ನು ಕೊಡಿಸೋ ಮುಂಚೆಯೇ ಹುಡುಗನ ಹತ್ತಿರ ಮಾತಾಡಿ. 1972ರ ವನ್ಯಜೀವಿ ಕಾಯ್ದೆಗೆ ಏರ್ ಗನ್ ಮಕ್ಕಳಾಟ ಅಲ್ಲ. ಕಾಡುಹಕ್ಕಿಗೆ ಹೊಡೆದರೆ ಅದು ಬೇಟೆಯೇ. ಬಾಳೆಗೊನೆ ತಿನ್ನೋ ಕೋತಿಗೂ ಹೊಡೆಯೋ ಹಾಗಿಲ್ಲ. ಅರುಣಾಚಲದಲ್ಲಿ 2021ರಲ್ಲಿ ಏರ್ ಗನ್ ಒಪ್ಪಿಸಿ ಅಂತ ಸರ್ಕಾರವೇ ಅಭಿಯಾನ ಶುರು ಮಾಡಿತು, ಹಕ್ಕಿಗಳೇ ಖಾಲಿಯಾಗ್ತಿವೆ ಅಂತ. ಮುತ್ತೋಡಿ ಕಡೆ ಭದ್ರಾ ಕಾಡಿಗೋ ಕುದುರೆಮುಖಕ್ಕೋ ಟ್ರಿಪ್ ಹೋಗೋವಾಗ ಕಾರಿನ ಡಿಕ್ಕಿಯಲ್ಲಿ ರೈಫಲ್ ಇರಬಾರದು. ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ, ಗುರಿ ಕಾಗದಕ್ಕೆ ಅಂತ ಹೇಳಿದರೆ ಯಾರೂ ನಂಬಲ್ಲ.

ನಮ್ಮ ಮಳೆಗೆ

ಮೂಡಿಗೆರೆಯ ಜುಲೈ ತಿಂಗಳಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಇನ್ನು ಕಬ್ಬಿಣ ಯಾವ ಲೆಕ್ಕ. ರೆಕ್ಸಿನ್ ಕವರಿನಲ್ಲಿ ಹಾಕಿ ಮೂಲೆಗೆ ನಿಲ್ಲಿಸಬೇಡಿ. ಕವರು ತೇವ ಹಿಡಿದಿಟ್ಟುಕೊಳ್ಳುತ್ತದೆ. ಹಳಬರು ಕೋವಿಯನ್ನು ಒಲೆ ಇರೋ ಕೋಣೆಯ ಗೋಡೆಗೆ ಯಾಕೆ ತೂಗುಹಾಕುತ್ತಿದ್ದರು ಅಂತ ನನಗೆ ಆಗ ಗೊತ್ತಾಯಿತು. ನಾವು ಬೀರುವಿನಲ್ಲಿ ಒಂದು ಸಣ್ಣ ಬಲ್ಬ್ ಉರಿಸಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬೀಗ ಹಾಕುತ್ತೇವೆ. ಪೆಲೆಟ್ ಬೇರೆ ಕಡೆ. ಪ್ರತಿ ಸಲ ಹೊಡೆದ ಮೇಲೆ ಹೊರಗಿನ ಕಬ್ಬಿಣವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೆರಳ ಗುರುತು ಬಿದ್ದಲ್ಲೇ ಮೊದಲು ತುಕ್ಕು ಏಳೋದು. ಆದರೆ ಒಳಗೆ, ಪಿಸ್ಟನ್ ಇರೋ ಜಾಗಕ್ಕೆ, ಎಣ್ಣೆ ಬಿಡಬೇಡಿ. ಗಾಳಿ ಒತ್ತಿದ ಕಾವಿಗೆ ಅದು ಹೊತ್ತಿ ಢಮ್ ಅನ್ನುತ್ತದೆ, ಹೊಗೆ ಬರುತ್ತದೆ, ಗಾಳಿ ಸೋರದ ಹಾಗೆ ತಡೆಯೋ ಸೀಲ್ ಸುಡುತ್ತದೆ. ಸ್ಪ್ರಿಂಗ್ ಅಮರಿದ ಸ್ಥಿತಿಯಲ್ಲಿ ರಾತ್ರಿ ಇಡೀ ಬಿಡಲೂಬಾರದು.

ಕೆಲವು ಸಾವಿರ ಪೆಲೆಟ್ ಆದ ಮೇಲೆ ಹೊಡೆತ ಮೆತ್ತಗಾದ ಹಾಗೆ ಅನ್ನಿಸಿದರೆ ಸ್ಪ್ರಿಂಗ್ ಮತ್ತು ಸೀಲ್ ಬದಲಿಸೋ ಹೊತ್ತು ಬಂತು ಅಂತ. ಕೊಂಡ ಅಂಗಡಿಗೇ ಕಳಿಸಿ. ಅಮರಿದ ಸ್ಪ್ರಿಂಗನ್ನು ಬೈಕ್ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದರೆ ಅದು ಹಾರಿ ಹಲ್ಲು ತೆಗೆಯಬಹುದು. ಅಷ್ಟರೊಳಗೆ ಹುಡುಗನ ಐದು ಗುಂಡು ನಾಣ್ಯದ ಕೆಳಗೆ ಕೂರೋಕೆ ಶುರುವಾಗಿದ್ದರೆ ಯಾವುದಾದರೂ ರೈಫಲ್ ಕ್ಲಬ್ಬಿಗೆ ಕರೆದುಕೊಂಡು ಹೋಗಿ. ಅಲ್ಲಿನ ಕೋಚ್ ಮೊದಲು ನೋಡೋದು ಅವನು ನಿಲ್ಲೋ ರೀತಿಯನ್ನು. ಹೊಸ ರೈಫಲ್ ತಗೊಳ್ಳಿ ಅಂತ ಅವರು ಹೇಳೋವರೆಗೆ ಹಳೆಯದೇ ನಡೀಲಿ. ಗೋಣಿಚೀಲವನ್ನು ತಿಂಗಳಿಗೊಮ್ಮೆ ಬಿಚ್ಚಿ, ಮರಳು ಜರಡಿ ಹಿಡಿದು, ಸೀಸವನ್ನು ಒಂದು ಡಬ್ಬಕ್ಕೆ ಹಾಕಿಡಿ. ನಮ್ಮದು ಈಗ ಮುಕ್ಕಾಲು ಡಬ್ಬ ಆಗಿದೆ.